ದೊಡ್ಡ ಬಕೆಟ್ಟಿಗೆ ಹಿಂದಿನ ಭಾರ

ಏಳನೇ ಕ್ಲಾಸಿನ ಗಣಿತ ಪರೀಕ್ಷೆಯ ದಿನ ಮೊದಲ ಸಲ ಮನೆ ಬಿಟ್ಟೆ. ಆಮೇಲೆ ಎಲ್ಲೂ ಒಂದು ವರ್ಷ ಪೂರ್ತಿ ನಿಂತವನಲ್ಲ. ಚನ್ನವೀರಪ್ಪ ಸಾವ್ಕಾರರ ಕೋಳಿ ಫಾರಮ್ಮಿನಲ್ಲಿ ಮಿನಿ ಟ್ರ್ಯಾಕ್ಟರ್ ಓಡಿಸುತ್ತಿದ್ದೆ. ಅದರ ಮುಂದೆ ಗೊಬ್ಬರ, ಜಲ್ಲಿ ಎತ್ತುವ ಲೋಡರಿಗೆ ಅವರು ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಬಕೆಟ್ ತಂದರು. ಹಗುರವಾದ ಕೋಳಿಗೊಬ್ಬರಕ್ಕೆ ಅದು ಸರಿ. ಜಲ್ಲಿ ತುಂಬಿದರೆ ಹಿಂದಿನ ಚಕ್ರಗಳೇ ಮೇಲೇಳುತ್ತಿದ್ದವು.

"ಜಲ್ಲಿಗೆ ಸಣ್ಣ ಬಕೆಟ್ ಬೇಕ್ರೀ, ಸಾವ್ಕಾರ್ರ."

"ಇದರಾಗ ಎತ್ತು. ಇಲ್ಲಾಂದ್ರ ಕೆಲಸ ಬಿಡು!"

"ಹಿಂದ ಒಂದು ಕ್ವಿಂಟಲ್ ಭಾರ ಇಟ್ರ ಎತ್ತತೈತ್ರೀ. ಅಷ್ಟು ತೂಗೋರು ಇಲ್ಲಿ ನೀವೊಬ್ಬರ."

ಹಟಕ್ಕೆ ಬಿದ್ದು ಸಾವ್ಕಾರರು ಹಿಂದೆ ಹಲಗೆ ಕಟ್ಟಿಸಿ ಕೂತರು. ಆಳುಗಳೆಲ್ಲ ಕೆಲಸ ನಿಲ್ಲಿಸಿ ನೋಡಿದರು. ಮೂರನೇ ಟ್ರಿಪ್ಪಿಗೆ ಅವರು ಸೊಂಟ ಹಿಡಿದುಕೊಂಡು ಇಳಿದರು.

"ಸಣ್ಣದನ್ನ ತರೂಣ ನಡಿಯಪಾ!"

ಸಣ್ಣ ಬಕೆಟ್ ಬಂತು. ಕೆಲಸ ಎಷ್ಟು ಸಲೀಸಾಯಿತೆಂದರೆ, ಈಗ ಸಾವ್ಕಾರರೇ ಓಡಿಸುತ್ತಾರೆ. ಮಹಾ ಬುದ್ಧಿವಂತನಾದ ನಾನು ಲುಂಗಿ ಮಡಚಿ ಚೀಲಕ್ಕೆ ತುಂಬುತ್ತಿದ್ದೇನೆ.