ಹುರಿಯ ಒಂದೇ ಶಬ್ದ

ಕಬಡ್ಡಿ ಆಡುವ ತಿಪ್ಪೇಶನ ಮಂಡಿಯೊಳಗೆ ಲಿಗಮೆಂಟ್ ಹರಿದಿತ್ತು. ಡಾಕ್ಟರು ಆಪರೇಷನ್ ಮಾಡಿ, ಅವನ ತೊಡೆಯಿಂದಲೇ ಒಂದು ಸ್ನಾಯುವಿನ ಹುರಿ ತೆಗೆದು ಆ ಜಾಗಕ್ಕೆ ಕೂರಿಸಿದರು. ನೋವು ನಿಂತಿದ್ದೇ ತಡ, ಇನ್ನೂ ಆಡಬೇಡ ಎಂದ ಅವರ ಮಾತು ಮೀರಿ ಅವನು ಅಂಕಣಕ್ಕೆ ಬಂದ.

"ನೋವಿಲ್ಲವಂತೆ. ವಾಸಿಯಾದೆಯಾ?" ಎಂದು ಮಂಡಿಚಿಪ್ಪು ಹುರಿಯನ್ನು ಕೇಳಿತು.

"ಇಲ್ಲ. ತೊಡೆಯಿಂದ ಕಿತ್ತಾಗಲೇ ನಾನು ಸತ್ತೆ. ಇಲ್ಲಿನ ರಕ್ತ ನನ್ನೊಳಗೆ ಹರಿದ ಮೇಲೆಯೇ ನನಗೆ ಜೀವ. ಅಲ್ಲಿಯವರೆಗೆ ಹೆಣಕ್ಕೆ ಎಲ್ಲಿಯ ನೋವು?"

"ಅಯ್ಯೋ, ಅವನಿಗೆ ಹೇಳು!"

"ನೋವಿಲ್ಲದೆ ಹೇಗೆ ಹೇಳಲಿ? ನನ್ನಲ್ಲಿ ಉಳಿದಿರುವುದು ಒಂದೇ ಶಬ್ದ."

ತಿಪ್ಪೇಶ ಗೆರೆ ಮುಟ್ಟಿ ಹಣೆಗೊತ್ತಿಕೊಂಡು ಎದುರಾಳಿಗಳ ನಡುವೆ ನುಗ್ಗಿದ. ಕಾಲೂರಿ ಗಕ್ಕನೆ ತಿರುಗಿದ.

"ಟಪ್" ಎಂದಿತು ಹುರಿ.

ಆ ಸದ್ದು ಕೇಳಿ, ಅವನನ್ನು ಹಿಡಿಯಲು ಬಂದವರೆಲ್ಲ ಕೈ ಹಿಂದಕ್ಕೆಳೆದುಕೊಂಡರು.