ಗುರುಗಳು ಹರಿಗೋಲು ನಡೆಸಿದ ದಿನ

ಹೊಳೆಯ ಈಚೆ ದಡದಲ್ಲಿ ಬಾಗಿಲಿಲ್ಲದ ಒಂದು ಪಾಠಶಾಲೆ ಇತ್ತು. ಬಟ್ಟೆ ಒಗೆಯುವವರು, ಮೀನು ಹಿಡಿಯುವವರು, ಕಂಕುಳಲ್ಲಿ ಮಗುವಿದ್ದ ತಾಯಂದಿರು ಕೆಲಸಕ್ಕೆ ಮೊದಲು ಅಲ್ಲಿಗೆ ಬಂದು ಗುರುಗಳ ಬಳಿ ಓದುತ್ತಿದ್ದರು.

ಹರಿಗೋಲು ನಡೆಸುವ ಹೊನ್ನವ್ವ ಎರಡು ವರ್ಷ ಓದಿದಳು. ಇದೇ ಪಾಠಶಾಲೆಯಲ್ಲಿ ತಾನೂ ಕಲಿಸಬೇಕೆಂಬುದು ಅವಳ ಹಟ. ಅದಕ್ಕೆ ಆಚೆ ದಡದ ಗುರುಕುಲದಲ್ಲಿ ಇನ್ನೆರಡು ವರ್ಷ ಓದಬೇಕಿತ್ತು.

ಸೇರಿಸಿಕೊಳ್ಳುವ ಕೊನೆಯ ದಿನ ಬಂತು. ಸೂರ್ಯ ಮುಳುಗಿದರೆ ಗುರುಕುಲದ ಬಾಗಿಲು ಮುಚ್ಚುತ್ತದೆ.

"ಗುರುಗಳೇ, ನಾನು ಕಲಿಸಬಲ್ಲೆ ಎಂದು ನೀವು ಅಲ್ಲಿಗೆ ಬಂದು ಒಂದು ಮಾತು ಹೇಳಬೇಕು," ಎಂದಳು ಹೊನ್ನವ್ವ.

"ನೀನು ಕಲಿತದ್ದನ್ನು ನೋಡಿದ್ದೇನೆ. ಕಲಿಸಿದ್ದನ್ನು ನೋಡಿಲ್ಲವಲ್ಲ, ತಾಯಿ."

"ಈಗ ಯಾರಿಗೆ ಕಲಿಸಲಿ? ಹೊತ್ತು ಎಲ್ಲಿದೆ?"

ಗುರುಗಳು ಹರಿಗೋಲು ಹತ್ತಿ ಹುಟ್ಟನ್ನು ಕೈಗೆತ್ತಿಕೊಂಡರು.

"ನನಗೆ ಕಲಿಸು. ಇದನ್ನು ನಡೆಸುವುದು ನನಗೆ ಬಾರದು."

ದಡ ಬಿಟ್ಟದ್ದೇ ಹರಿಗೋಲು ಗಿರ್ರನೆ ಸುತ್ತಿತು. ಹೊನ್ನವ್ವ ಹುಟ್ಟನ್ನು ಕಸಿದುಕೊಂಡು ನಾಲ್ಕು ಸಲ ಎಳೆದಳು. ಹರಿಗೋಲು ನೆಟ್ಟಗೆ ಹೋಯಿತು.

"ಹೀಗೆ!"

"ಹೀಗೆ ಅಂದರೆ ಹೇಗೆ?"

"ಅದು... ಹಾಗೇ ಬರುತ್ತದೆ."

ಗುರುಗಳು ಹುಟ್ಟನ್ನು ಮರಳಿ ಪಡೆದರು. ಮತ್ತೆ ಗಿರ್ರನೆ ಸುತ್ತಿತು. ಹೊನ್ನವ್ವ ಮತ್ತೆ ಕಸಿದಳು.

ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಸಹಪಾಠಿ ಮಾರಕ್ಕ ಕೂಗಿದಳು: "ಹೊನ್ನಕ್ಕಾ, ಗುರುಗಳನ್ನು ಗಾಣಕ್ಕೆ ಕಟ್ಟಿದೆಯೇನೇ?"

ಗುರುಗಳೂ ನಕ್ಕರು. "ಕಲಿಯುವವನು ನಾನು. ಬೆವರುತ್ತಿರುವುದು ಯಾರು?"

ಹೊನ್ನವ್ವ ಹುಟ್ಟನ್ನು ಅವರ ಕೈಗೆ ಕೊಟ್ಟಳು. ಸೂರ್ಯ ಆಗಲೇ ಮರದ ತುದಿಗೆ ಇಳಿದಿದ್ದ. ಮತ್ತೆ ಹುಟ್ಟು ಕಸಿಯದಂತೆ ಸೆರಗನ್ನು ತನ್ನ ಎರಡೂ ಕೈಗೆ ಬಿಗಿಯಾಗಿ ಸುತ್ತಿಕೊಂಡು ಕುಳಿತಳು.

ಹರಿಗೋಲು ಸುತ್ತಿತು.

"ಯಾಕೆ ಸುತ್ತಿತು, ಗುರುಗಳೇ?"

"ಬಲಗಡೆಗೇ ಹುಟ್ಟು ಹಾಕುತ್ತಿದ್ದೇನೆ."

"ಹಾಗಾದರೆ?"

ಗುರುಗಳು ಯೋಚಿಸಿದರು. ಅವಳು ಕಾದಳು. ಹೊಳೆಯ ಮೇಲೆ ಅವಳು ಸುಮ್ಮನೆ ಕುಳಿತದ್ದು ಅದೇ ಮೊದಲು.

ಗುರುಗಳು ಮುಂದೆ ಬಾಗಿ, ಎದುರಿನ ನೀರನ್ನು ತಮ್ಮತ್ತ ಎಳೆದರು. ಹರಿಗೋಲು ಒಂದು ಮಾರು ಮುಂದಕ್ಕೆ ಸರಿಯಿತು.

"ಬಂತು! ಅದೇ, ಅದೇ! ನೀರು ನೋಡಬೇಡಿ, ಗುರುಕುಲದ ಬಾಗಿಲು ನೋಡಿ!"

ದಡದಲ್ಲಿ ಇಡೀ ಪಾಠಶಾಲೆ ಕೆಲಸ ಬಿಟ್ಟು ಎದ್ದು ನಿಂತಿತ್ತು. "ಎಳೀರಿ ಗುರುಗಳೇ, ಎಳೀರಿ!"

ಆಚೆ ದಡ ಮುಟ್ಟಿದಾಗ ಗುರುಕುಲದ ಒಂದು ಕದ ಮುಚ್ಚಿತ್ತು. ಇನ್ನೊಂದಕ್ಕೆ ಕೈ ಹಾಕಿದ್ದ ಆಚಾರ್ಯರು, ಮೈಯೆಲ್ಲ ತೊಯ್ದಿದ್ದ ಗುರುಗಳನ್ನು ಕಂಡು ನಿಂತರು.

"ಇದೇನು ಅವತಾರ?"

"ಹರಿಗೋಲು ನಡೆಸಲು ಕಲಿತೆ. ಈಕೆ ಕಲಿಸಿದಳು."

ಆಚಾರ್ಯರು ಮುಚ್ಚಿದ್ದ ಕದವನ್ನೂ ತೆರೆದರು.

ಹೊನ್ನವ್ವ ಹೊಸ್ತಿಲವರೆಗೆ ಹೋಗಿ ತಿರುಗಿ ನೋಡಿದಳು. ಗುರುಗಳು ಆಗಲೇ ಹರಿಗೋಲನ್ನು ನೀರಿಗೆ ನೂಕುತ್ತಿದ್ದರು. ಅವಳು ಓಡಿ ಬಂದಳು.

"ನಿಲ್ಲಿ ಗುರುಗಳೇ, ಒಬ್ಬರೇ ಹೇಗೆ ಹೋಗುತ್ತೀರಿ? ನಾನು ಬಿಟ್ಟು ಬರುತ್ತೇನೆ!"

ಗುರುಗಳು ಹುಟ್ಟನ್ನು ನೀರಿಗಿಳಿಸಿದರು.

"ಕೈಗೆ ಸೆರಗು ಸುತ್ತಿಕೋ, ತಾಯಿ."