ಅದನ್ನೇ ಹೇಳೋಕೆ ಹೊರಟಿದ್ದೆ

ನಮ್ಮ ಕಚೇರಿಯಲ್ಲಿ ಮಧ್ಯಾಹ್ನದ ಊಟದ ಜೊತೆಗೊಂದು ಆಟ. ಒಬ್ಬರು ಹಾಡಿನ ಮೊದಲ ಸಾಲನ್ನು ರಾಗವಿಲ್ಲದೆ ಹೇಳಬೇಕು, ಉಳಿದವರು ಅದು ಯಾವ ಸಿನಿಮಾದ್ದು ಅನ್ನಬೇಕು. ಸೋತವರು ಎಲ್ಲರ ಡಬ್ಬಿ ತೊಳೆಯಬೇಕು.

ಸೂಪರಿಂಟೆಂಡೆಂಟ್ ಪಂಪಾಪತಿಯವರು ಸೋತದ್ದೇ ಇಲ್ಲ. ಯಾರಾದರೂ ಉತ್ತರ ಹೇಳಿದ ತಕ್ಷಣ, "ಅದನ್ನೇ ಹೇಳೋಕೆ ಹೊರಟಿದ್ದೆ!" ಅಂತ ಗೆದ್ದವರ ಜೊತೆ ಸೇರಿಬಿಡೋರು. ಸಾಹೇಬರಿಗೆ ಎದುರಾಡೋರು ಯಾರು? ಸಿನಿಮಾ ನೋಡದ ಟೈಪಿಸ್ಟ್ ನಾಗವೇಣಿಗೆ ದಿನಾ ಡಬ್ಬಿ ತೊಳೆಯೋದೇ ಆಯ್ತು.

ಒಂದು ದಿನ ಅವಳೇ, "ಇವತ್ತಿನ ಸಾಲು ನಂದು," ಅಂದಳು. "ಬೆಳದಿಂಗಳೇ, ನಿನ್ನ ಚಪ್ಪಲಿ ಎಲ್ಲಿ ಬಿಟ್ಟೆ?"

ಅವಳು ಮೊದಲೇ ಹೇಳಿಕೊಟ್ಟಿದ್ದಂತೆ ನಾನು, "ಬಾಡಿಗೆ ಭೀಮಣ್ಣ!" ಅಂದೆ.

"ಅದನ್ನೇ ಹೇಳೋಕೆ ಹೊರಟಿದ್ದೆ!" ಸಾಹೇಬರು ಮೇಜು ಕುಟ್ಟಿದರು. "ಟಾಕೀಸಲ್ಲಿ ನೋಡಿದೀನಿ. ಈ ಹಾಡಿಗೆ ನಮ್ಮ ಮನೆಯವಳು ಅತ್ತೇಬಿಟ್ಟಿದ್ದಳು."

"ಅಂಥ ಸಿನಿಮಾನೇ ಇಲ್ಲ ಸರ್," ಅಂದಳು ನಾಗವೇಣಿ. "ಆ ಸಾಲು ಬೆಳಿಗ್ಗೆ ಬಸ್ಸಲ್ಲಿ ನಾನೇ ಕಟ್ಟಿದ್ದು."

ಯಾರೂ ನಗಲಿಲ್ಲ. ನಕ್ಕಿದ್ದರೇ ಸಾಹೇಬರಿಗೆ ವಾಸಿಯಿತ್ತು. ಕಿವಿ ಕೆಂಪಾಗಿ, ಕೈಯಲ್ಲಿದ್ದ ತುತ್ತನ್ನು ಉಂಡೆ ಕಟ್ಟುತ್ತಲೇ ಕೂತರು. ಆಮೇಲೆ ಎದ್ದು, ಎಲ್ಲರ ಡಬ್ಬಿ ಬಾಚಿಕೊಂಡು ನಲ್ಲಿಯ ಹತ್ತಿರ ಹೋದರು.

ಉಳಿದ ಒಂದು ಮುಚ್ಚಳ ಕೊಡಲು ನಾಗವೇಣಿ ಹೋದಾಗ, ತೊಳೆದ ಡಬ್ಬಿಯನ್ನೇ ಮತ್ತೆ ಉಜ್ಜುತ್ತಿದ್ದರು. ತಲೆ ಎತ್ತದೆ, "ತಪ್ಪಾಯ್ತಮ್ಮ. ದಿನಾ ನಿಮ್ಮ ಕೈಲಿ ತೊಳೆಸಬಾರದಿತ್ತು," ಅಂದರು.

ನಾಗವೇಣಿ ಮುಚ್ಚಳ ಮುಂದೆ ಹಿಡಿದಳು.

"ನಾನೂ ಅದನ್ನೇ ಹೇಳೋಕೆ ಹೊರಟಿದ್ದೆ ಸರ್."